ಹಾರ್ಡ್ ಡಿಸ್ಕ್ ಸತ್ತಿರಲಿಲ್ಲ

ಮೂರು ವಾರದಿಂದ ನನ್ನ ಡೆಸ್ಕ್‌ಟಾಪ್‌ನಲ್ಲಿ ಫೈಲುಗಳು ಮಾಯವಾಗುತ್ತಿದ್ದವು. ಅಕ್ಕನ ಮದುವೆ ಫೋಟೋಗಳು ಬೆಳಿಗ್ಗೆ ಇರುತ್ತಿದ್ದವು, ಸಂಜೆಗೆ ಡಿ ಡ್ರೈವೇ ಕಾಣುತ್ತಿರಲಿಲ್ಲ. ರೀಸ್ಟಾರ್ಟ್ ಮಾಡಿದರೆ ಮತ್ತೆ ಹಾಜರ್! ಹೊಸದಾಗಿ ಕಾಪಿ ಮಾಡಿದ ಕೆಲವು ಫೋಟೋಗಳಂತೂ ತೆರೆಯುತ್ತಲೇ ಇರಲಿಲ್ಲ.

ಡಿಸ್ಕ್ ಹೋಯ್ತು ಅಂದುಕೊಂಡೆ. ಮೊದಲು ಸಿಕ್ಕಿದ್ದನ್ನೆಲ್ಲ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿದೆ. ರಿಪೇರಿ ಸಾಫ್ಟ್‌ವೇರ್ ಓಡಿಸಲಿಲ್ಲ, ಇದ್ದಿದ್ದೂ ಹೋದರೆ ಕಷ್ಟ ಅಲ್ವಾ?

ಆಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್‌ನಲ್ಲಿ ಸ್ಮಾರ್ಟ್ ಅಂಕಿಗಳನ್ನು, ಅಂದರೆ ಡಿಸ್ಕ್ ತನ್ನ ಬಗ್ಗೆ ತಾನೇ ಇಡುವ ಲೆಕ್ಕಗಳನ್ನು, ನೋಡಿದೆ. ಕೆಟ್ಟ ಸೆಕ್ಟರ್‌ಗಳ (ಡಿಸ್ಕಿನಲ್ಲಿ ಡೇಟಾ ಇಡುವ ಚಿಕ್ಕ ಜಾಗಗಳ) ಲೆಕ್ಕ ಹೇಳುವ 5 ಮತ್ತು 197ನೇ ನಂಬರಿನ ಸಾಲುಗಳು, ಎರಡೂ ಸೊನ್ನೆ. ಆದರೆ 199, ಅಂದರೆ ಸಿಆರ್‌ಸಿ ಎರರ್, ದಿನಾ ಏರುತ್ತಿತ್ತು. (ಅಲ್ಲಿ ಅದು ಸಿ7 ಅಂತ ಕಾಣುತ್ತದೆ, ಹುಡುಕಿ ಸುಸ್ತಾಗಬೇಡಿ.) ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಡೇಟಾ ಕೆಡುತ್ತಿದೆ ಅನ್ನುವುದರ ಗುರುತು ಅದು. ಹೆಚ್ಚಿನ ಸಲ ಕೇಬಲ್ಲೇ ಕಾರಣ.

ಬೆಂಗಳೂರಿನ ಎಸ್‌.ಪಿ. ರೋಡಿನ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವರು "ಹೊಸ ಡಿಸ್ಕೇ ತಗೊಳ್ಳಿ ಸಾರ್" ಅಂದರು. ನಾನು ಲಾಕ್ ಇರುವ ಸಾಟಾ ಕೇಬಲ್ (ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಕೇಬಲ್) ಒಂದನ್ನೇ ತಂದೆ. ಹಳೆಯದು ಕ್ಯಾಬಿನೆಟ್ ಮುಚ್ಚಳಕ್ಕೆ ಸಿಕ್ಕಿ ಮಡಚಿಹೋಗಿತ್ತು. ತಪ್ಪು ನನ್ನದೇ. ಧೂಳು ಒರೆಸಿದ ದಿನ ಸುಮ್ನೆ ಒತ್ತಿ ಮುಚ್ಚಿದ್ದೆ.

ಕೇಬಲ್ ಬದಲಿಸಿದರೂ 199ರ ಆ ಅಂಕಿ ಇಳಿಯುವುದಿಲ್ಲ, ಗಾಬರಿ ಬೇಡ. ಏರದಿದ್ದರೆ ಸಾಕು. ಎರಡು ತಿಂಗಳಾಯ್ತು, ನನ್ನದು ಅಲ್ಲೇ ನಿಂತಿದೆ. ಕೆಟ್ಟಿದ್ದ ಫೋಟೋಗಳನ್ನು ಅಕ್ಕನ ಪೆನ್‌ಡ್ರೈವ್‌ನಿಂದ ಮತ್ತೆ ಹಾಕಿಕೊಂಡೆ.