ಬೆಣ್ಣೆದೋಸೆಗೆ ಶಾರ್ಡೊನೆ

ದಾವಣಗೆರೆಯ ಮನೆಯಡುಗೆಗೆ ಯಾವ ವೈನ್ ಒಗ್ಗುತ್ತದೆ ಎಂದು ಕೇಳಿದವರಿಗೆ ನಾನು ಹಿಂದೆಮುಂದೆ ನೋಡದೆ ಹೇಳುವುದು ಶಾರ್ಡೊನೆ, ಅದೇ ಹೆಸರಿನ ದ್ರಾಕ್ಷಿಯಿಂದ ಮಾಡುವ ಬಿಳಿ ವೈನ್. ಅದೂ ಬೆಣ್ಣೆದೋಸೆಯ ಜೊತೆ. ಕಾರಣ ಬೆಣ್ಣೆಯಲ್ಲೇ ಇದೆ.

ಮೊಸರು ಕಡೆದು ತೆಗೆದ ಬೆಣ್ಣೆಗೆ ಒಂದು ಘಮ ಇರುತ್ತದಲ್ಲ, ಅದರಲ್ಲಿ ಡೈಅಸಿಟೈಲ್ ಎಂಬ ವಸ್ತುವಿನ ಪಾಲು ದೊಡ್ಡದು. ಹಾಲು ಹೆಪ್ಪುಗಟ್ಟುವಾಗ ಬ್ಯಾಕ್ಟೀರಿಯಾಗಳು ಅದನ್ನು ಹುಟ್ಟಿಸುತ್ತವೆ. ಶಾರ್ಡೊನೆ ಮಾಡುವವರಲ್ಲಿ ಹಲವರು, ದ್ರಾಕ್ಷಿರಸ ಹುದುಗಿ ವೈನ್ ಆದ ಮೇಲೂ ಅದನ್ನು ಮ್ಯಾಲೋಲ್ಯಾಕ್ಟಿಕ್ ಎಂಬ ಇನ್ನೊಂದು ಹುದುಗಿಗೆ ಬಿಡುತ್ತಾರೆ. ಹಸಿರು ಸೇಬಿನಲ್ಲಿ ನಾಲಿಗೆ ಚುಚ್ಚುವ ಮ್ಯಾಲಿಕ್ ಆಮ್ಲ ಆಗ ಮೊಸರಿನ ಸೌಮ್ಯವಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಾಗುತ್ತದೆ. ಜೊತೆಗೆ ಅದೇ ಡೈಅಸಿಟೈಲ್ ಕೂಡ ಹುಟ್ಟುತ್ತದೆ. ಈ ಕೆಲಸ ಮಾಡುವ ಈನೋಕಾಕಸ್ ಬ್ಯಾಕ್ಟೀರಿಯಾ, ನಮ್ಮ ದೋಸೆ ಹಿಟ್ಟು ಉಬ್ಬಿಸುವ ಲ್ಯೂಕನಾಸ್ಟಾಕ್‌ಗೆ ಹತ್ತಿರದ ನೆಂಟ. 1995ರವರೆಗೆ ವಿಜ್ಞಾನಿಗಳು ಎರಡನ್ನೂ ಒಂದೇ ಕುಲಕ್ಕೆ ಸೇರಿಸಿದ್ದರು. ಇದು ಗೊತ್ತಾದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಹಿಟ್ಟು, ಬೆಣ್ಣೆ, ವೈನ್ ಮೂರೂ ಒಂದೇ ಬಳಗ!

ನಾನು ತಂದದ್ದು ಮಹಾರಾಷ್ಟ್ರದ ಅಕ್ಲೂಜ್ ಕಡೆಯ, ಓಕ್ ಮರದ ಪೀಪಾಯಿಯಲ್ಲಿ ಕಾಲ ಕಳೆದ ಶಾರ್ಡೊನೆ. ಫ್ರಾನ್ಸಿನ ಬರ್ಗಂಡಿ ಈ ದ್ರಾಕ್ಷಿಯ ತವರು. ಪಿನೋ ನ್ವಾರ್ ಮತ್ತು ಗುವೆ ಬ್ಲಾಂ ಎಂಬ ತಳಿಗಳ ಸಂತಾನ ಎಂದು 1999ರಲ್ಲಿ ಡಿಎನ್‌ಎ ಪರೀಕ್ಷೆ ತೋರಿಸಿತು. ಬರ್ಗಂಡಿಯ ಶಾಬ್ಲಿಯಂಥ ಚಳಿ ಸೀಮೆಯಲ್ಲಿ ನಿಂಬೆ, ಹಸಿರು ಸೇಬಿನ ವಾಸನೆ ಕೊಡುವ ಹಣ್ಣು, ಬಿಸಿಲು ಸೀಮೆಯಲ್ಲಿ ಅನಾನಸು, ಮಾವಿನ ಕಡೆ ವಾಲುತ್ತದೆ.

ನಮ್ಮೂರಿನ ಏಪ್ರಿಲ್‌ನಲ್ಲಿ ಬಾಟಲಿಯ ತಂಪು ಕಾಯುವುದೇ ಒಂದು ಕೆಲಸ. 10ರಿಂದ 13 ಡಿಗ್ರಿ ಸೆಲ್ಸಿಯಸ್ ಸರಿಯಾದ ಹದ. ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿದರೆ ಘಮವೇ ಏಳುವುದಿಲ್ಲ, ಮರೆತು ಮೇಜಿನ ಮೇಲೆ ಬಿಟ್ಟರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಹಾಗಾಗಿ ಲೋಟದ ಮೂರನೇ ಒಂದು ಪಾಲು ಮಾತ್ರ ಸುರಿದು, ಬಾಟಲಿ ಮತ್ತೆ ಒಳಗಿಡುತ್ತೇನೆ. ಬಿಳಿ ಗೋಡೆಗೆ ಹಿಡಿದು ನೋಡಿದರೆ ಬಣ್ಣ ತಿಳಿ ಹೊನ್ನು. ಲೋಟ ಆಡಿಸದೆ ಮೂಸಿದಾಗ ಅನಾನಸು. ಆಡಿಸಿದ ಮೇಲೆ ವೆನಿಲಾ, ಹುರಿದ ಬಾದಾಮಿ, ಅದರ ಹಿಂದಿನಿಂದ ನಿಧಾನವಾಗಿ ಬೆಣ್ಣೆ. ವೆನಿಲಾ, ಬಾದಾಮಿಗಳು ದ್ರಾಕ್ಷಿಯವಲ್ಲ, ಒಳಗೋಡೆ ಸುಟ್ಟ ಪೀಪಾಯಿಯವು. ಗುಟುಕನ್ನು ಬಾಯಲ್ಲಿ ಒಂದಿಷ್ಟು ಹೊತ್ತು ಇಟ್ಟುಕೊಂಡೆ: ಮೈತುಂಬಿದ ವೈನು, ಕೊನೆಯಲ್ಲಿ ನಿಂಬೆಸಿಪ್ಪೆಯಷ್ಟು ಕಹಿ.

ಇನ್ನು ಅಡುಗೆ. ಹಿಟ್ಟಿಗೆ ಎಂದಿನಂತೆ ಅಕ್ಕಿ, ಉದ್ದು, ಸ್ವಲ್ಪ ಮೆಂತ್ಯ, ನೆನೆಸಿದ ಮಂಡಕ್ಕಿ. ಬೆಣ್ಣೆಗೆ ಕೈ ಬಿಗಿ ಹಿಡಿಯಲಿಲ್ಲ. ಕೈ ಹಿಡಿದದ್ದು ಖಾರದಲ್ಲಿ. ಮೆಣಸಿನಕಾಯಿಯ ಉರಿಯನ್ನು ಆಲ್ಕೋಹಾಲ್ ಹೆಚ್ಚಿಸುತ್ತದೆ. ಆ ಉರಿಯಲ್ಲಿ ಓಕ್ ಬರೀ ಕಹಿಯಾಗಿ ಉಳಿಯುತ್ತದೆ. ಅದಕ್ಕೇ ಚಟ್ನಿಗೆ ಕಾಯಿ, ಪುಟಾಣಿ ಜಾಸ್ತಿ ಹಾಕಿ, ಹಸಿಮೆಣಸಿನಕಾಯಿಯ ಬೀಜ ತೆಗೆದೆ. ಹುಣಸೆ ಬಿಟ್ಟೇಬಿಟ್ಟೆ, ಏಕೆಂದರೆ ತಿನ್ನುವುದರ ಹುಳಿ ವೈನಿನ ಹುಳಿಗಿಂತ ಮೇಲಾದರೆ ವೈನ್ ನೀರುನೀರಾಗುತ್ತದೆ. ಪಲ್ಯ ಅರಿಶಿನವಿಲ್ಲದ ಬಿಳಿ ಆಲೂಗಡ್ಡೆ ಪಲ್ಯ, ಈರುಳ್ಳಿ ಮೆತ್ತಗೆ ಬೆಂದದ್ದು. ಉಪ್ಪು ಮಾತ್ರ ಸರಿಯಾಗಿ ಬಿದ್ದಿರಲಿ, ಉಪ್ಪಿನಿಂದ ವೈನಿನ ಹುಳಿ ಮೆದುವಾಗುತ್ತದೆ.

ದೋಸೆಯ ಗರಿಗರಿ ಅಂಚು, ಕರಗಿದ ಬೆಣ್ಣೆ, ಮೇಲೊಂದು ಗುಟುಕು. ನಾಲಿಗೆಗೆ ಅಂಟಿದ ಜಿಡ್ಡನ್ನು ವೈನಿನ ಹುಳಿ ತೊಳೆಯಿತು, ಆದರೆ ಬೆಣ್ಣೆಯ ಘಮ ಹೋಗಲಿಲ್ಲ, ಇನ್ನೂ ಉದ್ದವಾಯಿತು. ಎರಡರ ನಡುವೆ ಗೆರೆ ಎಳೆಯಲು ಆಗಲಿಲ್ಲ. ಹುದುಗಿದ ಹಿಟ್ಟಿನ ನಸುಹುಳಿ ಕೂಡ ಅದರಲ್ಲಿ ಕೂಡಿಕೊಂಡಿತು. ಇಷ್ಟು ಚೆನ್ನಾಗಿ ಹೊಂದಿದ್ದನ್ನು ಚೀಸ್ ಜೊತೆಗೂ ನಾನು ಕಂಡಿಲ್ಲ.

ಅದೇ ಹೊತ್ತಿಗೆ ಮಂಡಕ್ಕಿ-ಮೆಣಸಿನಕಾಯಿಯನ್ನೂ ತಂದು ಪರೀಕ್ಷೆ ಮಾಡಿದೆ. ಖಾರದ ಮಂಡಕ್ಕಿಯ ಮೇಲೆ ಶಾರ್ಡೊನೆ ಸುಟ್ಟ ಮರದ ರುಚಿ ಕೊಟ್ಟಿತು. ಆ ಜೋಡಿ ಬೇಡ. ಮೆಣಸಿನಕಾಯಿಗೆ ಚಹಾನೇ ಇರಲಿ.

ಉಳಿದ ವೈನಿಗೆ ಬಿರಡೆ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಕೆಡುವುದಿಲ್ಲ. ಮಾರನೇ ರಾತ್ರಿ ಬಿಸಿ ಜೋಳದ ರೊಟ್ಟಿ, ಬೆಣ್ಣೆ, ಶೇಂಗಾ ಚಟ್ನಿಪುಡಿ. ಪುಡಿಗೆ ಬ್ಯಾಡಗಿ ಮೆಣಸಿನಕಾಯಿ, ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಹುರಿದ ಶೇಂಗಾ ಪೀಪಾಯಿಯ ಹುರಿದ ವಾಸನೆಗೆ ಸರಿಯಾಗಿ ಕೂತಿತು, ಆದರೆ ಬೆಳ್ಳುಳ್ಳಿ ಒಂದು ಎಸಳು ಹೆಚ್ಚಾದರೂ ವೈನಿನ ಹಣ್ಣು ಮರೆಯಾಗುತ್ತದೆ. ಮುಂದಿನ ಸಲ ಅದನ್ನು ಪೂರ್ತಿ ಬಿಟ್ಟು, ಕರಿಬೇವು ಹಾಕಿ ಮಾಡುತ್ತೇನೆ.