ಕರಡು ಅಧಿಸೂಚನೆಗೆ ಆಕ್ಷೇಪಣೆ ಬರೆಯುವುದು ಹೇಗೆ?

ಪರಿಸರ ನಿಯಮ ಸಡಿಲಿಸುವ ಕೇಂದ್ರ ಪರಿಸರ ಸಚಿವಾಲಯದ ಕರಡು ಗೆಜೆಟ್‌ನಲ್ಲಿ ಬಂದರೆ ಆಕ್ಷೇಪಣೆಗೆ ಸಾಮಾನ್ಯವಾಗಿ 60 ದಿನ ಸಿಗುತ್ತದೆ. ಸುದ್ದಿ ಓದಿದ ದಿನದಿಂದ ಎಣಿಸಬೇಡಿ. ಗೆಜೆಟ್ ಮೇಲಿರುವ ತಾರೀಖಿನಿಂದಲೇ ಎಣಿಸಿ. ಗೆಜೆಟ್‌ನಲ್ಲಿ ಮೊದಲು ಹಿಂದಿ, ಆಮೇಲೆ ಇಂಗ್ಲಿಷ್ ಇರುತ್ತದೆ. ಆಕ್ಷೇಪಣೆ ಕಳಿಸಬೇಕಾದ ವಿಳಾಸ, ಇಮೇಲ್ ಪೀಠಿಕೆಯಲ್ಲೇ ಸಿಗುತ್ತವೆ.

ಈಗಿರುವ ನಿಯಮವನ್ನೂ ಕರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಬದಲಾದ ಕಡೆ ಗೆರೆ ಎಳೆಯಿರಿ. ನಿಜವಾದ ಕೆಲಸ ಇದೇ. 2020ರ ಪರಿಸರ ಪರಿಣಾಮ ಅಂದಾಜು ಕರಡನ್ನೇ ನೋಡಿ. ಯೋಜನೆಗೆ ಅನುಮತಿ ಕೊಡುವ ಮೊದಲು ಪರಿಸರಕ್ಕಾಗುವ ಹಾನಿ ಅಳೆಯುವ ನಿಯಮ ಅದು. ಸಾರ್ವಜನಿಕ ಅಹವಾಲಿಗೆ 2006ರ ಅಧಿಸೂಚನೆ ಕನಿಷ್ಠ 30 ದಿನ ಕೊಟ್ಟಿತ್ತು, ಕರಡು ಅದನ್ನು 20ಕ್ಕೆ ಇಳಿಸಿತು. ಅನುಮತಿಯ ಷರತ್ತು ಪಾಲಿಸಿದ್ದೇವೆಂದು ಯೋಜನೆಯವರು ಆರು ತಿಂಗಳಿಗೊಮ್ಮೆ ಕೊಡಬೇಕಿದ್ದ ಪಾಲನಾ ವರದಿಯನ್ನು ವರ್ಷಕ್ಕೊಮ್ಮೆ ಮಾಡಿತು. ಅಹವಾಲಿಗೂ ಮೊದಲು ಯೋಜನೆಯ ಬಗ್ಗೆ ನೂರಾರು ಪುಟದ ಇಂಗ್ಲಿಷ್ ವರದಿ ಓದಿಸಿಕೊಳ್ಳಲು ಊರಿನವರು ಜಿಲ್ಲಾಧಿಕಾರಿ ಕಚೇರಿಗೆ ಅಲೆಯಬೇಕು. ಅವರಿಗೆ ಹತ್ತು ದಿನ ಅಂದರೆ ದೊಡ್ಡ ಮಾತು. ನೀವೂ ಹೀಗೇ ಬರೆಯಿರಿ: ಕಲಂ ಸಂಖ್ಯೆ, ಹಳೆಯ ಪದ, ಹೊಸ ಪದ, ನಿಮ್ಮ ಊರಲ್ಲಿ ಆಗುವ ತೊಂದರೆ, ಬೇಕಾದ ತಿದ್ದುಪಡಿ. ‘ಇಡೀ ಕರಡನ್ನು ವಿರೋಧಿಸುತ್ತೇವೆ’ ಎಂದಷ್ಟೇ ಬರೆದರೆ ಉತ್ತರ ಕೊಡಲೇಬೇಕಾದ ಅಂಶವೇ ಅದರಲ್ಲಿ ಇರುವುದಿಲ್ಲ. ಒಂದೇ ಒಕ್ಕಣೆಯ ಸಾವಿರ ಪತ್ರಗಳನ್ನೂ ಒಂದೇ ಎಂದು ಕಟ್ಟಿಡುವುದು ಸುಲಭ.

ಕೊಳವೆಬಾವಿ ನೀರಿನ ವರದಿ ಲಗತ್ತಿಸುವುದಾದರೆ ಐದು ನಿಮಿಷ ಪಂಪ್ ಓಡಿಸಿ, ಲೀಟರ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಅದೇ ದಿನ ಮುಟ್ಟಿಸಿ. ಸೀಸ, ಕ್ರೋಮಿಯಂನಂಥ ಲೋಹ ನೋಡಬೇಕಿದ್ದರೆ ಆಮ್ಲ ಹಾಕಿದ ಬೇರೆ ಬಾಟಲಿಯನ್ನು ಅವರಿಂದಲೇ ಮೊದಲು ತನ್ನಿ. ಅದನ್ನು ಮಾತ್ರ ತೊಳೆಯಬಾರದು. ಕಾರ್ಖಾನೆ ಮೇಲೆ ಮೊಕದ್ದಮೆಗೆ ಈ ವರದಿ ಸಾಲದು. ಅಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯವರು 1974ರ ಜಲ ಕಾಯ್ದೆಯ ಕಲಂ 21ರಂತೆ ತೆಗೆದ ಮಾದರಿಯೇ ಬೇಕು.

ಕನ್ನಡದಲ್ಲೇ ಬರೆಯಿರಿ, ಜೊತೆಗೆ ಅರ್ಧ ಪುಟದ ಇಂಗ್ಲಿಷ್ ಸಾರಾಂಶ ಇರಲಿ. 2020ರ ಕರಡನ್ನು 22 ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಿತ್ತು. ಕನ್ನಡದಲ್ಲಿ ಪ್ರಚಾರ ಸಿಕ್ಕಿಲ್ಲವೆಂಬ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಯನ್ನೇ ತಡೆದಿತ್ತು.

ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ, ರಸೀದಿ ಜೋಪಾನ ಮಾಡಿ. ಗಡುವು ಮುಗಿದ ಮೇಲೆ, ಬಂದ ಆಕ್ಷೇಪಣೆಗಳೆಷ್ಟು, ಅವುಗಳ ಮೇಲೆ ಬರೆದ ಟಿಪ್ಪಣಿ ಏನು ಎಂದು 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಸಚಿವಾಲಯದ ಜಾಲತಾಣದಲ್ಲಿ ಕಚೇರಿ ಜ್ಞಾಪನಗಳ (ಆಫೀಸ್ ಮೆಮೊರಾಂಡಮ್, ಅಂದರೆ ಆಡಳಿತಾತ್ಮಕ ಸೂಚನೆಗಳ) ಪುಟವನ್ನೂ ವಾರಕ್ಕೊಮ್ಮೆ ತೆರೆದು ನೋಡಿ. 2020ರ ಕರಡು ಅಂತಿಮವಾಗಲಿಲ್ಲ. ಆದರೆ ಅನುಮತಿಯಿಲ್ಲದೆ ಶುರುವಾದ ಯೋಜನೆಗಳನ್ನು ಪರಿಗಣಿಸುವ ಕ್ರಮ 2021ರ ಜುಲೈಯಲ್ಲಿ ಜ್ಞಾಪನದ ಮೂಲಕವೇ ಬಂತು. ಅದಕ್ಕೆ 60 ದಿನದ ಗಡುವೇ ಇರಲಿಲ್ಲ.