ಬಂಗುಡೆ ಕೊಳ್ಳುವವರು ಮೊದಲು ಐಸ್ ನೋಡಿ

"ಅಕ್ಕ, ಮೀನು ತಾಜಾ ಇದ್ಯಾ?" ಅಂತ ಕೇಳಿದರೆ ಹೂಂ ಅನ್ನದೆ ಇನ್ನೇನು ಹೇಳಲಿ? ಮಾರಲಿಕ್ಕೆ ಕೂತವಳು ನಾನು. ಆ ಪ್ರಶ್ನೆಯಿಂದ ನಿಮಗೆ ಏನೂ ಗಿಟ್ಟುವುದಿಲ್ಲ. ಕೇಳುವುದಿದ್ದರೆ ಹೀಗೆ ಕೇಳಿ: ದಕ್ಕೆಗೆ, ಅಂದರೆ ಬೋಟಿನಿಂದ ಮೀನು ಇಳಿಸುವ ಜಾಗಕ್ಕೆ, ಯಾವಾಗ ಬಂತು, ಅಲ್ಲಿಂದ ಇಲ್ಲಿಯವರೆಗೆ ಐಸ್ ತಪ್ಪಿದ್ದುಂಟಾ? ತಡವರಿಸದೆ ಉತ್ತರ ಹೇಳುವವರ ಹತ್ತಿರ ಕೊಳ್ಳಿ.

ಗಂಗೊಳ್ಳಿ ದಕ್ಕೆಯಲ್ಲಿ ಏಲಂನಲ್ಲಿ ಹಿಡಿದು ಕುಂದಾಪುರದಲ್ಲಿ ಮಾರುವುದು ನನ್ನ ಕಸುಬು. ಅತ್ತೆಯಿಂದ ಕಲಿತದ್ದು. ಅವರ ಕಾಲಕ್ಕೂ ಈಗಿನ ಕಾಲಕ್ಕೂ ಒಂದು ದೊಡ್ಡ ವ್ಯತ್ಯಾಸ ಅಂದರೆ ಸೆಖೆ. ಏಪ್ರಿಲ್, ಮೇ ತಿಂಗಳಲ್ಲಿ ಸಮುದ್ರದ ನೀರೇ ಬೆಚ್ಚಗಿರುತ್ತದೆ. ಬಲೆಯಿಂದ ಬಿದ್ದ ಬಂಗುಡೆಯೂ ಅಷ್ಟೇ ಬೆಚ್ಚಗೆ. ಹೀಗಿದ್ದರೂ ದಿನಕ್ಕೆ ಒಬ್ಬರಾದರೂ ಬಂದು, "ಹ್ವಾಯ್, ಐಸಿನ್ ಮೀನ್ ಬ್ಯಾಡ, ತಾಜಾ ಕೊಡಿ" ಅನ್ನುವವರು ಇದ್ದೇ ಇದ್ದಾರೆ. ಐಸ್ ಅಂದರೆ ಹಳೆ ಮೀನು ಅಂತ ಅವರ ಲೆಕ್ಕ. ಈ ಲೆಕ್ಕ ಮೊದಲು ಬಿಡಬೇಕು, ಮುಂದಿನದ್ದೆಲ್ಲ ಆಮೇಲೆ.

ಕಾರಣ ಹೇಳುತ್ತೇನೆ. ಬಂಗುಡೆ, ಬೂತಾಯಿ (ಸಾರ್ಡಿನ್), ಕೇದರ (ಟ್ಯೂನಾ), ಈ ಕಪ್ಪು ಮಾಂಸದ ಮೀನುಗಳಲ್ಲಿ ಹಿಸ್ಟಿಡಿನ್ ಅನ್ನುವ ಅಂಶ ಜಾಸ್ತಿ. ಮೀನು ಸತ್ತ ಮೇಲೆ ಅದರ ಕಿವಿರು, ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ, ಅದು ಜಾಸ್ತಿಯಾದರೆ ತಿಂದವರಿಗೆ ಅಲರ್ಜಿಯ ಹಾಗೆ ಮೈ ಕೆಡುತ್ತದೆ. ಬೆಚ್ಚಗಿದ್ದಷ್ಟೂ ಬೇಗ. ಹೀಗೆ ಹುಟ್ಟಿದ ಹಿಸ್ಟಮಿನ್ ಮತ್ತೆ ಹೋಗುವುದಿಲ್ಲ. ಕುದಿಸಿ, ಕಾವಲಿಯಲ್ಲಿ ಹುರಿಯಿರಿ, ಫ್ರೀಜರಿನಲ್ಲಿಡಿ, ಹುಳಿ ಹಾಕಿ, ಅದು ಇದ್ದಲ್ಲೇ ಇರುತ್ತದೆ. ಇನ್ನೊಂದು ತೊಂದರೆ ಏನೆಂದರೆ ಅದಕ್ಕೆ ವಾಸನೆ ಇಲ್ಲ. ನೋಡಲಿಕ್ಕೆ ಚೆಂದವಾಗಿ ಕಾಣುವ ಮೀನಿನಲ್ಲೂ ಇರಬಹುದು. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೀನು ಉದ್ಯಮಕ್ಕೆ ಹಾಕಿಕೊಟ್ಟ ಲೆಕ್ಕ ಹೀಗಿದೆ: ಗಾಳಿ ಅಥವಾ ನೀರು 28.3 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಇಂಥ ಮೀನು ಸತ್ತ 6 ಗಂಟೆಯೊಳಗೆ ಐಸಿಗೆ ಬೀಳಬೇಕು, ಅದಕ್ಕಿಂತ ತಂಪಿದ್ದರೆ 9 ಗಂಟೆಯವರೆಗೆ ನಡೆಯುತ್ತದೆ. ನಮ್ಮ ಕರಾವಳಿಯ ಬೇಸಗೆಯಲ್ಲಿ ಆ 9 ಗಂಟೆಯ ಮಾತೇ ಇಲ್ಲ. ಬೆಳಿಗ್ಗೆ ಹಿಡಿದ ಮೀನು ಐಸ್ ಇಲ್ಲದೆ ಸಂಜೆ ಸಂತೆಗೆ ಬಂದರೆ ಗಡುವು ಮುಗಿದ ಹಾಗೆ.

ಹಾಗಾಗಿ ಕೊಳ್ಳುವಾಗ ಮೊದಲು ಮೀನಿನ ಕೆಳಗೆ, ಮೇಲೆ, ನಡುವೆ ಐಸ್ ಇದೆಯಾ ನೋಡಿ. ಮೇಲೊಂದು ಹಿಡಿ ಉದುರಿಸಿದ್ದು ಲೆಕ್ಕಕ್ಕಿಲ್ಲ, ಅದು ಗಿರಾಕಿಯ ಕಣ್ಣಿಗೆ. ರಾಶಿಯ ಅಡಿಗೆ ಕೈ ಹಾಕಿ ಒಂದು ಬಂಗುಡೆ ಎತ್ತಿ. ಕೈ ಜುಮ್ಮೆನ್ನುವಷ್ಟು ತಣ್ಣಗಿರಬೇಕು. ನನ್ನ ಹತ್ತಿರ ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಇದೆ, ಅಡುಗೆಯವರು ಇಟ್ಟುಕೊಳ್ಳುತ್ತಾರಲ್ಲ, ಅದೇ. ಬೆನ್ನಿನ ದಪ್ಪ ಭಾಗಕ್ಕೆ ಚುಚ್ಚಿದರೆ 4 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು. ಗಿರಾಕಿಗಳು ಮೊದಮೊದಲು ನಕ್ಕರು. ಈಗ ಅವರೇ ಕೇಳುತ್ತಾರೆ, "ಕಡ್ಡಿ ಹಾಕಿ ಕಾಣಿ ಅಕ್ಕ" ಅಂತ.

ಕಣ್ಣು, ಕಿವಿರು ನೋಡಬೇಡಿ ಅಂತ ಅಲ್ಲ. ಕಣ್ಣು ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು, ಒತ್ತಿದರೆ ಬೆರಳಿನ ಗುರುತು ನಿಲ್ಲಬಾರದು. ಇದು ಎಲ್ಲರಿಗೂ ಗೊತ್ತು. ಬೂತಾಯಿಯಲ್ಲಿ ಮಾತ್ರ ಹೊಟ್ಟೆಯನ್ನೂ ನೋಡಿ. ಹೊಟ್ಟೆ ತುಂಬ ಮೇದು ಬಲೆಗೆ ಸಿಕ್ಕಿದ ಬೂತಾಯಿಯ ಜೀರ್ಣರಸ ಸತ್ತ ಮೇಲೂ ಕೆಲಸ ಮಾಡುತ್ತಲೇ ಇರುತ್ತದೆ, ತನ್ನ ಹೊಟ್ಟೆಯ ಗೋಡೆಯನ್ನೇ ಕರಗಿಸುತ್ತದೆ. ತಂಪು ಸಾಲದಿದ್ದರೆ ಕೆಲವೇ ಗಂಟೆಯಲ್ಲಿ ಹೊಟ್ಟೆ ಬಿರಿದು ಕರುಳು ಹೊರಬರುತ್ತದೆ. ಅಲ್ಲೊಂದು ಇಲ್ಲೊಂದು ಒಡೆದಿದ್ದರೆ ಆರಿಸಿ ಬಿಡಿ. ರಾಶಿಯಲ್ಲಿ ಅರ್ಧಕ್ಕರ್ಧ ಹಾಗಿದ್ದರೆ ಆ ರಾಶಿಯೇ ಬೇಡ.

ಬಂಗುಡೆ ಅಗ್ಗ ಆದ ದಿನ ಇನ್ನಷ್ಟು ಜಾಗ್ರತೆ ಬೇಕು. ಹಿಂಡನ್ನೇ ಬಲೆಯಿಂದ ಸುತ್ತಿ ಹಿಡಿಯುವ ಪರ್ಸೀನ್ ಬೋಟಿಗೆ ಒಮ್ಮೆಲೇ ದೊಡ್ಡ ಹಿಂಡು ಸಿಕ್ಕಿದ ದಿನ ಬೋಟಿನಲ್ಲಿದ್ದ ಐಸ್ ಸಾಲುವುದಿಲ್ಲ. ಮೀನು ಡೆಕ್ಕಿನ ಮೇಲೆ ರಾಶಿ ಬಿದ್ದು ಬಿಸಿಲಿನಲ್ಲಿ ಬರುತ್ತದೆ. ದಕ್ಕೆಯಲ್ಲೂ ಐಸಿಗೆ ಪರದಾಟ. ಉಳಿದದ್ದು ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಕ್ರಯ ಇಳಿದದ್ದು ಕಂಡು ಚೀಲ ತುಂಬಿಸಿಕೊಳ್ಳುವ ಮೊದಲು ರಾಶಿಯ ನಡುವಿನ ಮೀನು ಮುಟ್ಟಿ ನೋಡಿ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರೀಕೃತ ಬೋಟುಗಳಿಗೆ ರಜೆ. ನಾಡದೋಣಿಯವರು ತಂದದ್ದು ಸ್ವಲ್ಪ ಸಿಗುತ್ತದೆ. ಬಾಕಿ ಬಂಗುಡೆ ದೂರದಿಂದ ಬಂದದ್ದು. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆಮೇಲೆ ಆ ಕಡೆಯ ಲಾರಿಗಳು ಬರುತ್ತವೆ. ಕೋಲ್ಡ್ ಸ್ಟೋರೇಜಿನದ್ದೂ ಇರುತ್ತದೆ. ಬೂತಾಯಿಯ ಕತೆ ಗೊತ್ತಲ್ಲ, ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದು 2021ರಲ್ಲಿ ಮೂರೂವರೆ ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಅಂಥ ವರ್ಷಗಳಲ್ಲಿ ನಮ್ಮ ಕಡೆಯ ಮಾರುಕಟ್ಟೆಗೂ ಒಮಾನ್ ಬೂತಾಯಿ ಬಂತು. ದೂರದ ಮೀನು ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಹಿಡಿದ ಕೂಡಲೇ ಫ್ರೀಜ್ ಮಾಡಿ ಹಾಗೇ ತಂದದ್ದಾದರೆ ಊರಿನ ಬಿಸಿಲು ಮೀನಿಗಿಂತ ಎಷ್ಟೋ ವಾಸಿ. ಕರಗಿಸಿ, ತಾಜಾ ಅಂತ ಹೇಳಿ, ಉಳಿದದ್ದನ್ನು ಮತ್ತೆ ಫ್ರೀಜ್ ಮಾಡುವುದು ಕೆಟ್ಟದ್ದು.

ಮೀನು ಕೆಡದಂತೆ ಕಳ್ಳತನದಲ್ಲಿ ಹಾಕುವ ಫಾರ್ಮಲಿನ್ ಅನ್ನುವ ರಾಸಾಯನಿಕದ ಬಗ್ಗೆ ಎಲ್ಲರೂ ಕೇಳುತ್ತಾರೆ. 2018ರಲ್ಲಿ ಕೇರಳದಲ್ಲಿ ಅದನ್ನು ಹಾಕಿದ ಮೀನು ಸಿಕ್ಕಿಬಿದ್ದ ಮೇಲಿನ ಹೆದರಿಕೆ ಅದು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಅದಕ್ಕೆ ಕಾಗದದ ಪಟ್ಟಿಯ ಕಿಟ್ ಮಾಡಿದೆ, ಅನುಮಾನ ಇದ್ದವರು ಅದರಲ್ಲಿ ನೋಡಿಕೊಳ್ಳಬಹುದು. ನೊಣ ಕೂರದಿದ್ದರೆ ಫಾರ್ಮಲಿನ್ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಐಸಿನಲ್ಲಿ ಹುಗಿದಿಟ್ಟ ಮೀನಿಗೂ ನೊಣ ಅಷ್ಟಾಗಿ ಮುತ್ತುವುದಿಲ್ಲ.

ಇನ್ನು ಮನೆಗೆ ಒಯ್ಯುವುದು. ಇಲ್ಲೇ ಹೆಚ್ಚಿನವರು ಎಡವುವುದು. ಮೀನು ಹಿಡಿದುಕೊಂಡೇ ತರಕಾರಿ ಅಂಗಡಿ, ಬ್ಯಾಂಕು, ನೆಂಟರ ಮನೆ. ಮೀನನ್ನು ಕೊನೆಗೆ ಕೊಳ್ಳಿ. 30 ಡಿಗ್ರಿಯ ಒಂದು ಕಿಲೋ ಮೀನನ್ನು ಸೊನ್ನೆಗೆ ಇಳಿಸಲಿಕ್ಕೇ 300 ಗ್ರಾಮಿಗಿಂತ ಜಾಸ್ತಿ ಐಸ್ ಕರಗುತ್ತದೆ. ಅಲ್ಲಿಂದ ಮುಂದೆ ತಂಪು ಹಿಡಿದಿಡಲು ಮತ್ತೆ ಬೇಕು. ಅದಕ್ಕೇ ಕಿಲೋ ಮೀನಿಗೆ ಕಿಲೋ ಐಸ್ ಅನ್ನುವುದು. ದೊಡ್ಡ ಗಡ್ಡೆ ಹಾಕಬೇಡಿ. ಪುಡಿ ಮಾಡಿದರೆ ಮೀನಿಗೆ ಎಲ್ಲ ಕಡೆ ತಾಗುತ್ತದೆ. ಬೆಂಗಳೂರಿನ ನಾದಿನಿಗೆ ಬಸ್ಸಿನಲ್ಲಿ ಕಳಿಸುವಾಗ ನಾನು ಥರ್ಮಾಕೋಲ್ ಬಾಕ್ಸಿನ ಅಡಿಗೆ ನಾಲ್ಕು ಬೆರಳು ಐಸ್, ಒಂದು ವರಸೆ ಮೀನು, ಮತ್ತೆ ಐಸ್, ಹೀಗೆ ತುಂಬಿಸಿ ಮೇಲಿನ ವರಸೆಯನ್ನು ಎಲ್ಲಕ್ಕಿಂತ ದಪ್ಪ ಮಾಡಿ ಮುಚ್ಚಳಕ್ಕೆ ಟೇಪು ಹೊಡೆಯುತ್ತೇನೆ. ಕಿವಿರು, ಕರುಳು ಮೊದಲೇ ತೆಗೆದಿರುತ್ತೇನೆ, ಬ್ಯಾಕ್ಟೀರಿಯಾದ ಮನೆ ಅದೇ ಆದ್ದರಿಂದ. ಬಾಕ್ಸ್ ಬಿಚ್ಚಿದಾಗ ಐಸ್ ಇನ್ನೂ ಉಳಿದಿರಬೇಕು. ಬರೀ ನೀರಿದ್ದು ಅದು ಬೆಚ್ಚಗಾಗಿದ್ದರೆ ತಿನ್ನಬೇಡ ಅಂತ ಅವಳಿಗೆ ಹೇಳಿಟ್ಟಿದ್ದೇನೆ. ಅಷ್ಟು ದೂರ ಬಂದ ಮೀನು ಎಸೆಯುವುದಾ ಅಂತ ಅವಳಿಗೆ ಸಂಕಟ. ಆದರೂ ಎಸೆಯಲೇಬೇಕು.

ಮನೆಗೆ ಬಂದ ಕೂಡಲೇ ಸುದ್ದ ಮಾಡಿ, ತೊಳೆದು, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನ ಅತಿ ತಂಪಿನ ಜಾಗಕ್ಕೆ. ಮಸಾಲೆ ಹಚ್ಚಿ ಕಟ್ಟೆಯ ಮೇಲೆ ಗಂಟೆಗಟ್ಟಲೆ ಇಡಬೇಡಿ, ಮಸಾಲೆ ಹಿಡಿಯುವುದು ಫ್ರಿಜ್ಜಿನೊಳಗೂ ಹಿಡಿಯುತ್ತದೆ. ಬಂಗುಡೆ, ಬೂತಾಯಿಯನ್ನು ಮರುದಿನ ದಾಟಿಸಬೇಡಿ, ಇಲ್ಲವೇ ತಂದ ದಿನವೇ ಫ್ರೀಜರಿಗೆ ಹಾಕಿ. ಕರಗಿಸುವುದು ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿ, ಸಿಂಕಿನಲ್ಲಲ್ಲ. ಮರುದಿನದ ಮೀನು ಸಾರಿಗೆ ರುಚಿ ಜಾಸ್ತಿ, ಒಪ್ಪಿದೆ. ರಾತ್ರಿ ಕುದಿಸಿ, ಆರಿಸಿ, ಫ್ರಿಜ್ಜಿಗಿಟ್ಟರೆ ಅದೂ ನಡೆಯುತ್ತದೆ.

ಇಷ್ಟೆಲ್ಲ ಮಾಡಿಯೂ ಊಟವಾದ ಸ್ವಲ್ಪ ಹೊತ್ತಿನಲ್ಲಿ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿದು, ಎದೆ ಡವಡವ ಅಂದರೆ ಅದು ಹಿಸ್ಟಮಿನ್ ಇರಬಹುದು. ಬಾಯಲ್ಲಿ ಕಾಳುಮೆಣಸು ಕಚ್ಚಿದಂಥ ಚುರುಚುರು ಆಗಿದ್ದರೆ ಅಲ್ಲಿಗೇ ತಟ್ಟೆ ಬಿಟ್ಟೇಳಿ. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ, ವೈದ್ಯರು ಅಲರ್ಜಿಯ ಮಾತ್ರೆಯನ್ನೇ ಕೊಡುತ್ತಾರೆ. ಉಸಿರು ಕಟ್ಟಿದರೆ, ಆಸ್ತಮಾ ಅಥವಾ ಹೃದಯದ ತೊಂದರೆ ಇದ್ದವರಾದರೆ ತಡಮಾಡದೆ ಆಸ್ಪತ್ರೆ. ಒಟ್ಟಿಗೆ ಉಂಡ ಇನ್ನೊಬ್ಬರಿಗೂ ಹಾಗೇ ಆಗಿದೆಯಾ ಅಂತ ವಿಚಾರಿಸಿ, ವೈದ್ಯರಿಗೆ ಅದನ್ನೂ ಹೇಳಿ. ಇಲ್ಲದಿದ್ದರೆ ನಿಮಗೆ ಮೀನು ಅಲರ್ಜಿ ಅಂತ ಬರೆದು, ಜನ್ಮವಿಡೀ ಮೀನು ಬಿಡುವ ಗತಿ. ಕ್ಷಯಕ್ಕೆ ಐಸೋನಿಯಜಿಡ್ ಮಾತ್ರೆ ತೆಗೆದುಕೊಳ್ಳುವವರು ಈ ಜಾತಿಯ ಮೀನನ್ನು ವೈದ್ಯರ ಹತ್ತಿರ ಕೇಳಿಯೇ ತಿನ್ನಿ, ಆ ಮಾತ್ರೆ ನಮ್ಮ ಮೈಯೊಳಗೆ ಹಿಸ್ಟಮಿನ್ ಕರಗುವುದಕ್ಕೆ ಅಡ್ಡ ಬರುತ್ತದೆ.

ಮರುವಾಯಿ ಅನ್ನುವ ಚಿಪ್ಪುಮೀನಿನದ್ದು ಬೇರೆಯೇ ದಾರಿ, ಅಲ್ಲಿ ಐಸ್ ನಿಮ್ಮನ್ನು ಕಾಯುವುದಿಲ್ಲ. ನೀರನ್ನು ಸೋಸಿ ತಿನ್ನುವ ಜೀವ ಅದು. ನೀರಿನಲ್ಲಿ ವಿಷದ ಪಾಚಿ ಇದ್ದರೆ ಆ ವಿಷ ಅದರ ಮೈಯಲ್ಲಿ ಸೇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. 1983ರಲ್ಲಿ ಕಾಸರಗೋಡಿನ ಹತ್ತಿರದ ಕುಂಬ್ಳೆಯಲ್ಲಿ ಮರುವಾಯಿ ತಿಂದವರು ಆಸ್ಪತ್ರೆ ಸೇರಿ, ಒಬ್ಬ ಹುಡುಗ ತೀರಿಕೊಂಡಿದ್ದ. ಅಳಿವೆಯ ನೀರು ಬಣ್ಣ ತಿರುಗಿದ ಸುದ್ದಿ ಇದ್ದರೆ ಆಗ ಕೊಳ್ಳಬೇಡಿ. ಬಣ್ಣ ತಿರುಗದಿದ್ದರೆ ಭಯವಿಲ್ಲ ಅಂತಲೂ ಅಲ್ಲ, ಎಲ್ಲಿ ಹೆಕ್ಕಿದ್ದು ಅಂತ ಕೇಳಿಯೇ ಕೊಳ್ಳಿ. ಮೊದಲ ಮಳೆಗೆ ಊರಿನ ಚರಂಡಿಯೆಲ್ಲ ಹೊಳೆಗೆ ಇಳಿಯುವುದರಿಂದ ಆ ಕೆಲವು ದಿನ ನಾನೂ ಮಾರುವುದಿಲ್ಲ. ತಿಂದ ಮೇಲೆ ತುಟಿ, ಬೆರಳ ತುದಿ ಜೋಮು ಹಿಡಿದರೆ ಮನೆ ಮದ್ದು ಮಾಡುತ್ತ ಕೂರಬೇಡಿ. ಉಳಿದ ಮರುವಾಯಿಯನ್ನು ಒಂದು ಪ್ಲಾಸ್ಟಿಕ್ಕಿಗೆ ಹಾಕಿಕೊಂಡು ನೇರ ಆಸ್ಪತ್ರೆಗೆ ಹೋಗಿ, ವೈದ್ಯರಿಗೆ ತೋರಿಸಿ.